ಠಾಣೆಯ ಕಡತದಿಂದ ಕಿರುತೆರೆಗೆ: ಲಾಸ್ ಏಂಜಲೀಸಿನಿಂದ ಬಾಲ್ಟಿಮೋರಿನವರೆಗೆ

ಕಳೆದ ಚಳಿಗಾಲದ ರಜೆಯಲ್ಲಿ, ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ನಮ್ಮ ಮಗ ‘ದ ಶೀಲ್ಡ್’ ಎಂಬ ಹಳೆಯ ಪೊಲೀಸ್ ಧಾರಾವಾಹಿಯನ್ನು ನೋಡತೊಡಗಿದನು. ಅಡುಗೆಮನೆಯ ಕೆಲಸ ಮುಗಿಸಿ ನಾವೂ ಸೋಫಾದ ಒಂದು ತುದಿಯಲ್ಲಿ ಕುಳಿತೆವು. ಮೊದಲ ಕಂತಿನ ಕೊನೆಯಲ್ಲಿ ಕಥಾನಾಯಕನಾದ ಪತ್ತೇದಾರನು ತನ್ನದೇ ತಂಡದ ಇನ್ನೊಬ್ಬ ಪೊಲೀಸನಿಗೆ ಗುಂಡಿಕ್ಕುತ್ತಾನೆ. ಮಗ ಪರದೆಯನ್ನು ಅಲ್ಲಿಯೇ ನಿಲ್ಲಿಸಿ, “ಅಮ್ಮಾ, ಇದು ನಿಜವಾದ ಕೇಸಿನ ಮೇಲೆ ಮಾಡಿದ್ದಂತೆ. ನಿಜವಾಗ್ಲೂ ಹೀಗಾಗಿತ್ತಾ?” ಎಂದು ಕೇಳಿದನು. ಹೌದು ಎಂದೂ ಹೇಳಬಹುದಾದ, ಅಲ್ಲ ಎಂದೂ ಹೇಳಬೇಕಾದ ಪ್ರಶ್ನೆಯದು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಕಂಡ ಇತಿಹಾಸವನ್ನು ಕೂಟದ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲಿಗೆ ನಮ್ಮ ವೃತ್ತಿಯ ಒಂದು ಮಾತು. ಕರ್ನಾಟಕದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾವು ಹೌಸ್ ಸರ್ಜನ್ ಆಗಿದ್ದಾಗ ರಾತ್ರಿ ಪಾಳಿಯಲ್ಲಿ ಎಂ.ಎಲ್.ಸಿ. ಪುಸ್ತಕವನ್ನು ತುಂಬುವ ಕೆಲಸ ನಮ್ಮದಾಗಿತ್ತು. ಹೊಡೆದಾಟ, ಅಪಘಾತ, ವಿಷಪ್ರಾಶನ, ಯಾವುದೇ ಆಗಲಿ, ಗಾಯದ ಉದ್ದ, ಅಗಲ, ಆಳಗಳನ್ನು ನಾವೇ ಅಳೆದು ಬರೆಯಬೇಕು. ಆದರೆ ಗಾಯ ಹೇಗಾಯಿತೆಂಬುದನ್ನು ಬರೆಯುವಾಗ ‘ಅಲೆಜ್ಡ್’ ಎಂಬ ಪದವನ್ನು ಬಿಡಕೂಡದು. ಕನ್ನಡದ ಪತ್ರಿಕೆಗಳು ‘ಎನ್ನಲಾದ’ ಎಂದು ಬರೆಯುವ ಪದವೇ ಅದು. ಹೇಳಿದವನು ಗಾಯಾಳುವಾಗಿರಲಿ, ಜೊತೆಗೆ ಬಂದ ಪೊಲೀಸ್ ಪೇದೆಯಾಗಿರಲಿ, ವೈದ್ಯನು ಕಣ್ಣಾರೆ ಕಾಣದಿದ್ದುದೆಲ್ಲವೂ ‘ಎನ್ನಲಾದದ್ದು’ ಎಂದು ನ್ಯಾಯವೈದ್ಯಶಾಸ್ತ್ರದ ಅಧ್ಯಾಪಕರು ನಮಗೆ ತಿದ್ದಿ ತಿದ್ದಿ ಕಲಿಸಿದ್ದರು. ಆ ಪಾಠವನ್ನು ನಾವು ಈ ದೇಶದಲ್ಲಿ ಒಮ್ಮೆ ಮರೆತೆವು. ರೆಸಿಡೆನ್ಸಿಯ ಎರಡನೆಯ ವರ್ಷ, ತುರ್ತು ಚಿಕಿತ್ಸಾ ವಿಭಾಗಕ್ಕೆ ತೊಡೆಗೆ ಗುಂಡು ತಗುಲಿದ ಯುವಕನೊಬ್ಬನನ್ನು ತಂದರು. ಅವನ ಕೈಗೆ ಕೋಳ ಹಾಕಿ ಮಂಚದ ಸರಳಿಗೆ ಬಿಗಿಯಲಾಗಿತ್ತು. “ನಮ್ಮತ್ತ ಬಂದೂಕು ತೋರಿಸಿದ” ಎಂದು ಪೊಲೀಸರು ಹೇಳಿದರು. “ನನ್ನ ಬಳಿ ಏನೂ ಇರಲಿಲ್ಲ” ಎಂದು ಅವನು ನೋವಿನ ನಡುವೆ ಗೊಣಗಿದನು. ನಾವು ಪೊಲೀಸರ ಮಾತನ್ನು ‘ಎನ್ನಲಾದ’ ಇಲ್ಲದೆಯೇ ದಾಖಲಿಸಿದೆವು. ಅವನ ಮಾತನ್ನು ಬರೆಯಲೇ ಇಲ್ಲ. ಮುಂದೆ ರಾಂಪಾರ್ಟ್ ಹಗರಣದ ಕುರಿತು ಓದುವಾಗಲೆಲ್ಲ ಆ ರಾತ್ರಿಯ ನಮ್ಮ ಬರಹ ನೆನಪಿಗೆ ಬಂದು ಚುಚ್ಚಿದೆ.

ಅಮೆರಿಕದ ಪೊಲೀಸ್ ಧಾರಾವಾಹಿಗಳ ಆದಿಯಲ್ಲಿರುವುದು ‘ಡ್ರ್ಯಾಗ್‌ನೆಟ್’. ಜಾಕ್ ವೆಬ್ ಎಂಬ ನಟ–ನಿರ್ಮಾಪಕನು 1949ರಲ್ಲಿ ಇದನ್ನು ರೇಡಿಯೋ ನಾಟಕವಾಗಿ ಆರಂಭಿಸಿದನು. ಕಥೆಗಳು ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ನಿಜವಾದ ಕಡತಗಳಿಂದ ಬಂದವು, ಹೆಸರುಗಳನ್ನಷ್ಟೇ ಬದಲಾಯಿಸಲಾಗಿದೆ ಎಂಬುದೇ ಅದರ ಹೆಗ್ಗಳಿಕೆ. ಕಡತಗಳು ಪುಕ್ಕಟೆಯಾಗಿ ಬರಲಿಲ್ಲ. 1950ರಲ್ಲಿ ಇಲಾಖೆಯ ಮುಖ್ಯಸ್ಥನಾದ ವಿಲಿಯಂ ಪಾರ್ಕರನಿಗೆ ಪ್ರಚಾರದ ಬೆಲೆ ಚೆನ್ನಾಗಿ ತಿಳಿದಿತ್ತು. ಇಲಾಖೆ ಕಥೆಗಳನ್ನೂ ತಾಂತ್ರಿಕ ಸಲಹೆಯನ್ನೂ ಕೊಟ್ಟಿತು. ಪ್ರತಿಯಾಗಿ ಚಿತ್ರಕಥೆಗಳು ಇಲಾಖೆಯ ಒಪ್ಪಿಗೆ ಪಡೆದು ಹೊರಬಂದವು. ವೆಬ್ ನಟಿಸಿದ ಸಾರ್ಜೆಂಟ್ ಜೋ ಫ್ರೈಡೇ ಲಂಚ ಮುಟ್ಟದವನು, ಕೈಯೆತ್ತದವನು, ಹೆಚ್ಚು ಮಾತನಾಡದವನು. 1982ರಲ್ಲಿ ವೆಬ್ ತೀರಿಕೊಂಡಾಗ ಇಲಾಖೆಯು ತನ್ನ ಧ್ವಜಗಳನ್ನು ಅರ್ಧಕ್ಕಿಳಿಸಿತು. ಕಿರುತೆರೆಯಲ್ಲಿ ಅವನು ಧರಿಸುತ್ತಿದ್ದ 714ನೆಯ ಸಂಖ್ಯೆಯ ಬಿಲ್ಲೆಯನ್ನು ನಿಜವಾದ ಅಧಿಕಾರಿಯದೋ ಎಂಬಂತೆ ಗೌರವದಿಂದ ನಿವೃತ್ತಿಗೊಳಿಸಿತು.

ಆ ಧಾರಾವಾಹಿಯು ಪರದೆಗೆ ಬಂದ ದಿನಾಂಕವನ್ನು ಗಮನಿಸಬೇಕು. ಮೊದಲ ಕಂತು ಮುನ್ನೋಟವಾಗಿ ಪ್ರಸಾರವಾದದ್ದು 1951ರ ಡಿಸೆಂಬರ್ 16ರಂದು. ಅದಾದ ಒಂಬತ್ತನೆಯ ದಿನ, ಕ್ರಿಸ್‌ಮಸ್ ಬೆಳಗಿನ ಜಾವ, ಅದೇ ನಗರದ ಕೇಂದ್ರ ಠಾಣೆಯಲ್ಲಿ ಹಬ್ಬದ ಕುಡಿತದಲ್ಲಿದ್ದ ಸುಮಾರು ಐವತ್ತು ಪೊಲೀಸರು ಬಂಧನದಲ್ಲಿದ್ದ ಏಳು ಯುವಕರನ್ನು ಸೆರೆಕೋಣೆಯಿಂದೆಳೆದು ಬಡಿದರು. ಅವರಲ್ಲಿ ಐವರು ಮೆಕ್ಸಿಕನ್ ಮೂಲದವರು. ‘ಬ್ಲಡಿ ಕ್ರಿಸ್‌ಮಸ್’ ಎಂದು ಹೆಸರಾದ ಈ ಘಟನೆ ಪತ್ರಿಕೆಗಳಿಗೆ ತಲುಪಿ ಗದ್ದಲವಾಗಲು ಮಾರ್ಚ್ ತಿಂಗಳೇ ಬೇಕಾಯಿತು. ಎಂಟು ಪೊಲೀಸರ ಮೇಲೆ ಆರೋಪ ಹೊರಿಸಲಾಯಿತು, ಐವರಿಗೆ ಶಿಕ್ಷೆಯಾಯಿತು. ಇದು ‘ಡ್ರ್ಯಾಗ್‌ನೆಟ್’ನ ಯಾವ ಕಂತಿಗೂ ಕಥೆಯಾಗಲಿಲ್ಲ. ಜೇಮ್ಸ್ ಎಲ್‌ರಾಯ್ ಇದನ್ನು ತಮ್ಮ ‘ಎಲ್.ಎ. ಕಾನ್ಫಿಡೆನ್ಶಿಯಲ್’ ಕಾದಂಬರಿಗೆ ತಂದದ್ದು 1990ರಲ್ಲಿ. ಸಿನೆಮಾ ಬಂದದ್ದು 1997ರಲ್ಲಿ. ಠಾಣೆಯ ಕಡತದಿಂದ ಯಾವ ಹಾಳೆ ಕಿರುತೆರೆಗೆ ಬರಬೇಕು, ಯಾವುದು ಬೀರುವಿನಲ್ಲಿಯೇ ಉಳಿಯಬೇಕು ಎಂಬುದನ್ನು ಠಾಣೆಯೇ ತೀರ್ಮಾನಿಸುತ್ತಿದ್ದ ಕಾಲವದು.

ವೆಬ್‌ನ ಕಂಪನಿಯಿಂದ ಮುಂದೆ ಇನ್ನೆರಡು ಜನಪ್ರಿಯ ಧಾರಾವಾಹಿಗಳು ಬಂದವು. 1968ರಿಂದ 1975ರವರೆಗೆ ನಡೆದ ‘ಆಡಮ್-12’ ಗಸ್ತು ತಿರುಗುವ ಇಬ್ಬರು ಸಜ್ಜನ ಪೊಲೀಸರ ಕಥೆ. ಅವರ ಠಾಣೆಯೆಂದು ಪರದೆಯ ಮೇಲೆ ತೋರಿಸುತ್ತಿದ್ದ ಹೊಸ ಕಟ್ಟಡ ವಾಸ್ತವದಲ್ಲಿ ನಗರದ ರಾಂಪಾರ್ಟ್ ವಿಭಾಗದ ಠಾಣೆ. 1972ರಲ್ಲಿ ಆರಂಭವಾದ ‘ಎಮರ್ಜೆನ್ಸಿ!’ಯಲ್ಲಿ ಪ್ಯಾರಾಮೆಡಿಕ್‌ಗಳು ರೇಡಿಯೋದಲ್ಲಿ ಕರೆಯುತ್ತಿದ್ದ ಕಾಲ್ಪನಿಕ ಆಸ್ಪತ್ರೆಯ ಹೆಸರೂ ‘ರಾಂಪಾರ್ಟ್’. ನಮ್ಮೊಡನೆ ಕೆಲಸ ಮಾಡಿದ ಹಿರಿಯ ಪ್ಯಾರಾಮೆಡಿಕ್ ಒಬ್ಬರು ತಾವು ಈ ವೃತ್ತಿಗೆ ಬಂದದ್ದೇ ಆ ಧಾರಾವಾಹಿಯಿಂದ ಎಂದು ಹೇಳುತ್ತಿದ್ದರು. ಹೀಗೆ ಒಂದು ತಲೆಮಾರಿನ ಅಮೆರಿಕನ್ನರಿಗೆ ‘ರಾಂಪಾರ್ಟ್’ ಎಂದರೆ ಕಷ್ಟಕಾಲದಲ್ಲಿ ಕರೆದರೆ ಓಗೊಡುವ ಧ್ವನಿಯಾಗಿತ್ತು.

ನಮ್ಮ ಕಡೆಯ ಅನುಭವವೂ ಇದಕ್ಕೆ ತೀರ ಬೇರೆಯೇನಲ್ಲ. ಈಗ ನಲವತ್ತರ ಪ್ರಾಯದಲ್ಲಿರುವ ಕನ್ನಡಿಗರಿಗೆ ಪೊಲೀಸ್ ನಾಯಕನೆಂದರೆ ಮೊದಲು ನೆನಪಾಗುವವನು 1988ರ ‘ಸಾಂಗ್ಲಿಯಾನ’ ಚಿತ್ರದ ಶಂಕರ್ ನಾಗ್. ಕರ್ನಾಟಕದಲ್ಲಿ ಹೆಸರು ಮಾಡಿದ ನಿಜವಾದ ಅಧಿಕಾರಿಯೊಬ್ಬರ ಹೆಸರನ್ನೇ ಆ ಚಿತ್ರಕ್ಕೆ ಇಡಲಾಗಿತ್ತು. ಅನಂತರ 1996ರ ‘ಪೊಲೀಸ್ ಸ್ಟೋರಿ’ಯಲ್ಲಿ ಸಾಯಿಕುಮಾರ್ ಅವರ ಗುಡುಗು ಬಂತು. ಭ್ರಷ್ಟ ಪೊಲೀಸರು ನಮ್ಮ ಚಿತ್ರಗಳಲ್ಲಿಯೂ ಬೇಕಾದಷ್ಟಿದ್ದರು, ಆದರೆ ಅವರು ಖಳರು. ಅವರನ್ನು ಮಟ್ಟ ಹಾಕಲು ಕಾನೂನನ್ನು ಪಕ್ಕಕ್ಕಿಟ್ಟು ಕೈಯೆತ್ತುವ ನಾಯಕನಿಗೆ ನಾವು ಶಿಳ್ಳೆ ಹೊಡೆದೆವು. ಆ ಶಿಳ್ಳೆಯನ್ನು ನಾವು ಇಲ್ಲಿಗೂ ತಂದಿದ್ದೇವೆ. ‘ದ ಶೀಲ್ಡ್’ ನಮಗೆ ಮೊದಲ ಕಂತಿನಲ್ಲಿಯೇ ಹಿಡಿಸಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಈಗ ರಾಂಪಾರ್ಟ್‌ನ ನಿಜಕಥೆ. 1991ರಲ್ಲಿ ರಾಡ್ನಿ ಕಿಂಗ್ ಎಂಬವನನ್ನು ಪೊಲೀಸರು ಬಡಿಯುವುದನ್ನು ಹತ್ತಿರದ ನಿವಾಸಿಯೊಬ್ಬ ವಿಡಿಯೋ ಮಾಡಿದ್ದು, ಮರುವರ್ಷ ಆ ಪೊಲೀಸರು ಖುಲಾಸೆಯಾದಾಗ ನಗರ ಹೊತ್ತಿ ಉರಿದದ್ದು ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ಡೌನ್‌ಟೌನಿನ ಪಶ್ಚಿಮಕ್ಕಿರುವ, ಮಧ್ಯ ಅಮೆರಿಕದ ವಲಸಿಗರು ಕಿಕ್ಕಿರಿದಿದ್ದ ರಾಂಪಾರ್ಟ್ ವಿಭಾಗದಲ್ಲಿ ಬೀದಿ ಗ್ಯಾಂಗುಗಳ ಕೊಲೆ, ಸುಲಿಗೆಗಳು ವಿಪರೀತವಾಗಿದ್ದವು. ಅವನ್ನು ಹತ್ತಿಕ್ಕಲು ‘ಕ್ರ್ಯಾಶ್’ ಎಂಬ ವಿಶೇಷ ದಳವಿತ್ತು. ಅದಕ್ಕೆ ಸ್ವಾತಂತ್ರ್ಯ ಹೆಚ್ಚು, ಮೇಲ್ವಿಚಾರಣೆ ಕಡಿಮೆ. ದಳದವರ ಖಾಸಗಿ ಲಾಂಛನದಲ್ಲಿ ಕೌಬಾಯ್ ಟೋಪಿ ತೊಟ್ಟ ತಲೆಬುರುಡೆಯೂ ಇಸ್ಪೀಟಿನ ಎಲೆಗಳೂ ಇದ್ದವು. ಯಾರಿಗಾದರೂ ಗುಂಡಿಕ್ಕಿದ ಸದಸ್ಯನಿಗೆ ಸಹೋದ್ಯೋಗಿಗಳು ಫಲಕ ಕೊಟ್ಟು ಸನ್ಮಾನಿಸುವ ವಾಡಿಕೆಯೂ ಅವರಲ್ಲಿತ್ತು.

1996ರ ಅಕ್ಟೋಬರ್ 12ರಂದು ಈ ದಳದ ರಾಫೆಲ್ ಪೆರೆಜ್ ಮತ್ತು ನೀನೋ ಡರ್ಡನ್ ಎಂಬ ಇಬ್ಬರು ಹಾವಿಯೆರ್ ಒವಾಂಡೋ ಎಂಬ 19 ವರ್ಷದ ನಿರಾಯುಧ ಯುವಕನಿಗೆ ಗುಂಡಿಕ್ಕಿದರು. ಅನಂತರ ಅವನ ಪಕ್ಕದಲ್ಲಿ ಒಂದು ಬಂದೂಕನ್ನಿಟ್ಟು, ಅವನೇ ತಮ್ಮ ಮೇಲೆ ಆಕ್ರಮಣ ಮಾಡಿದನೆಂದು ವರದಿ ಬರೆದರು. ಗುಂಡೇಟಿನಿಂದ ಅವನ ಸೊಂಟದ ಕೆಳಗಿನ ಭಾಗ ಸ್ವಾಧೀನ ತಪ್ಪಿತು. ವರದಿಯನ್ನು ನಂಬಿ ನ್ಯಾಯಾಲಯ ಅವನಿಗೆ 23 ವರ್ಷಗಳ ಸೆರೆವಾಸ ವಿಧಿಸಿತು. ಗಾಲಿಕುರ್ಚಿಯಲ್ಲಿದ್ದವನು ಜೈಲಿಗೆ ಹೋದನು, ಗುಂಡಿಕ್ಕಿದವರು ಕೆಲಸಕ್ಕೆ ಮರಳಿದರು. ಆ ವರದಿಯಲ್ಲಿ ‘ಎನ್ನಲಾದ’ ಎಂಬ ಪದಕ್ಕೆ ಎಡೆಯೇ ಇರಲಿಲ್ಲ. ಅವನ ಮಾತನ್ನು ಕೇಳುವವರೂ ಇರಲಿಲ್ಲ.

ಇದು ಬೆಳಕಿಗೆ ಬಂದದ್ದು ಬೆನ್ನಟ್ಟುವಿಕೆಯಿಂದಾಗಲಿ ಬೇಹುಗಾರಿಕೆಯಿಂದಾಗಲಿ ಅಲ್ಲ, ಉಗ್ರಾಣದ ಲೆಕ್ಕ ತಾಳೆಯಾಗದ್ದರಿಂದ. ನಮ್ಮ ನ್ಯಾಯಾಲಯಗಳಲ್ಲಿ ‘ಮುದ್ದೆಮಾಲು’ ಎನ್ನುತ್ತಾರಲ್ಲ, ಹಾಗೆ ಸಾಕ್ಷ್ಯವಾಗಿ ಇಟ್ಟ ವಸ್ತುಗಳ ಕೋಣೆಯಿಂದ 1998ರಲ್ಲಿ ಸುಮಾರು ಮೂರು ಕಿಲೋ ಕೊಕೇನ್ ಬೇರೊಬ್ಬ ಅಧಿಕಾರಿಯ ಹೆಸರಿನಲ್ಲಿ ಹೊರಗೆ ಹೋಗಿ ಹಿಂದಿರುಗದೆ ಉಳಿಯಿತು. ಹಳೆಯ ದಾಖಲೆಗಳನ್ನು ಕೆದಕಿದಾಗ, ಹಿಂದಿರುಗಿದ ಕೆಲವು ಪೊಟ್ಟಣಗಳಲ್ಲಿ ಕೊಕೇನಿನ ಬದಲು ಪ್ಯಾನ್‌ಕೇಕಿನ ಹಿಟ್ಟು ಇತ್ತೆಂಬುದು ಹೊರಬಿತ್ತು. ಆಗಸ್ಟ್ ತಿಂಗಳಲ್ಲಿ ಪೆರೆಜ್‌ನ ಬಂಧನವಾಯಿತು. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 1999ರ ಸೆಪ್ಟೆಂಬರಿನಲ್ಲಿ, ಎರಡನೆಯ ವಿಚಾರಣೆಯ ಭಯದಿಂದ, ಶಿಕ್ಷೆ ಕಡಿಮೆ ಮಾಡುವ ಒಪ್ಪಂದಕ್ಕೆ ಬಂದು ಅವನು ಮಾತನಾಡತೊಡಗಿದನು. ಅವನ ಹೇಳಿಕೆಗಳು ನಾಲ್ಕು ಸಾವಿರ ಪುಟಗಳನ್ನು ಮೀರಿದವು. ಸುಮಾರು ಎಪ್ಪತ್ತು ಮಂದಿ ಸಹೋದ್ಯೋಗಿಗಳ ಹೆಸರುಗಳನ್ನು ಅವನು ಹೇಳಿದನು.

ಒವಾಂಡೋನ ಬಿಡುಗಡೆಯಾದದ್ದು ಅದೇ ತಿಂಗಳು. ಮುಂದಿನ ವರ್ಷ ನಗರಾಡಳಿತ ಅವನಿಗೆ ಒಂದೂವರೆ ಕೋಟಿ ಡಾಲರು ಪರಿಹಾರ ಕೊಡಲು ಒಪ್ಪಿತು. ನೂರಕ್ಕೂ ಹೆಚ್ಚು ಶಿಕ್ಷೆಗಳು ರದ್ದಾದವು. ಒಟ್ಟು ಪರಿಹಾರ ಏಳು ಕೋಟಿ ಡಾಲರುಗಳನ್ನು ಮೀರಿತು. 2000ದ ಮಾರ್ಚಿನಲ್ಲಿ ‘ಕ್ರ್ಯಾಶ್’ ದಳವನ್ನು ವಿಸರ್ಜಿಸಲಾಯಿತು. 2001ರಿಂದ ಇಲಾಖೆಯು ಕೇಂದ್ರ ನ್ಯಾಯಾಲಯದ ಉಸ್ತುವಾರಿಗೆ ಒಳಪಟ್ಟಿತು. ಆದರೆ ಪೆರೆಜ್ ಹೆಸರಿಸಿದವರಲ್ಲಿ ಕ್ರಿಮಿನಲ್ ಶಿಕ್ಷೆಗೆ ಒಳಗಾದವರು ಬೆರಳೆಣಿಕೆಯಷ್ಟು. ಅವನ ಮಾತಿನಲ್ಲಿ ಎಷ್ಟು ಸತ್ಯ, ಎಷ್ಟು ತನ್ನನ್ನು ಉಳಿಸಿಕೊಳ್ಳುವ ಚಾತುರ್ಯ ಎಂಬ ವಾದವೂ ಉಳಿಯಿತು. ಸುಳ್ಳು ವರದಿ ಬರೆದವನೇ ಪ್ರಮುಖ ಸಾಕ್ಷಿಯಾದರೆ ಅವನ ಮಾತಿಗೂ ‘ಎನ್ನಲಾದ’ ಸೇರಿಸಲೇಬೇಕಾಗುತ್ತದೆ.

ಇಷ್ಟನ್ನೂ ಹತ್ತಿರದಿಂದ ಕಂಡ ಕಿರುತೆರೆ ಏನು ಮಾಡಿತು? ಶಾನ್ ರಯಾನ್ ಎಂಬ ಲೇಖಕರು ಅದಕ್ಕೆ ಮುನ್ನ ‘ನ್ಯಾಶ್ ಬ್ರಿಜಸ್’ ಎಂಬ ಹಗುರವಾದ ಪೊಲೀಸ್ ಧಾರಾವಾಹಿಗೆ ಬರೆಯುತ್ತಿದ್ದರು. ಪೊಲೀಸರ ಗಸ್ತಿನ ಗಾಡಿಯಲ್ಲಿ ಕುಳಿತು ಕಂಡ, ಆ ಧಾರಾವಾಹಿಗೆ ಒಗ್ಗದ ಸಂಗತಿಗಳೂ ರಾಂಪಾರ್ಟ್‌ನ ಸುದ್ದಿಗಳೂ ಕೂಡಿ ಹೊಸ ಕಥೆಯಾಯಿತು. ಅದಕ್ಕೆ ಮೊದಲು ಇಟ್ಟಿದ್ದ ಹೆಸರು ‘ರಾಂಪಾರ್ಟ್’ ಎಂದೇ. 2002ರ ಮಾರ್ಚ್ 12ರಂದು ಎಫ್.ಎಕ್ಸ್. ವಾಹಿನಿಯಲ್ಲಿ ಪ್ರಸಾರವಾಗುವ ಹೊತ್ತಿಗೆ ಹೆಸರು ‘ದ ಶೀಲ್ಡ್’ ಆಗಿತ್ತು. ಠಾಣೆಯು ಫಾರ್ಮಿಂಗ್ಟನ್ ಎಂಬ ಕಾಲ್ಪನಿಕ ಬಡಾವಣೆಗೆ ಸರಿದಿತ್ತು. ‘ಕ್ರ್ಯಾಶ್’ ‘ಸ್ಟ್ರೈಕ್ ಟೀಮ್’ ಆಗಿತ್ತು. ವಿಕ್ ಮ್ಯಾಕಿಯ ಪಾತ್ರಕ್ಕಾಗಿ ಮೈಕೆಲ್ ಚಿಕ್ಲಿಸ್ ಅದೇ ವರ್ಷ ಎಮ್ಮಿ ಪ್ರಶಸ್ತಿ ಪಡೆದರು. ಹಿಂಸೆಗೆ ಬೆದರಿದ ಕೆಲವು ಜಾಹೀರಾತುದಾರರು ಹಿಂದೆ ಸರಿದರೂ ಏಳು ಸೀಸನ್‌ಗಳು, 88 ಕಂತುಗಳು ನಡೆದವು.

ಮಗನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ತನ್ನನ್ನು ಬಯಲು ಮಾಡಲು ಬಂದ ಸಹೋದ್ಯೋಗಿಗೆ ಗುಂಡಿಕ್ಕುವ ಆ ದೃಶ್ಯ ಕಲ್ಪಿತ. ರಾಂಪಾರ್ಟ್‌ನ ಕಡತಗಳಲ್ಲಿ ಅಂಥದ್ದಿಲ್ಲ. ಕದ್ದ ಮಾದಕವಸ್ತು, ನೆಟ್ಟ ಬಂದೂಕು, ಒಡೆದ ಮುಖ, ಒಬ್ಬರನ್ನೊಬ್ಬರು ಕಾಪಾಡುವ ಸುಳ್ಳು ವರದಿ, ಇವು ನಿಜ. ನಿಜಕ್ಕೂ ಕಲ್ಪನೆಗೂ ನಡುವೆ ಅದಕ್ಕಿಂತ ದೊಡ್ಡ ಅಂತರ ಮತ್ತೊಂದಿದೆ. ಪೆರೆಜ್ ಕೊಕೇನ್ ಕದ್ದದ್ದು ಮಾರುವುದಕ್ಕೆ. ಮ್ಯಾಕಿ ಕೂಡ ಕದಿಯುತ್ತಾನೆ, ಆದರೆ ಮೊದಲ ಕಂತಿನಲ್ಲಿಯೇ ಕಳೆದುಹೋದ ಒಂದು ಮಗುವನ್ನು, ನಿಯಮ ಪಾಲಿಸುವ ಅಧಿಕಾರಿಗಳು ಕೈಚೆಲ್ಲಿದ ಮೇಲೆ, ಆರೋಪಿಯನ್ನು ಹೊಡೆದು ಬಾಯಿಬಿಡಿಸಿ ಉಳಿಸುತ್ತಾನೆ. ಅವನಿಗೆ ಆಟಿಸಂ ಇರುವ ಮಗನಿದ್ದಾನೆ, ದುಡ್ಡು ಅವನ ಚಿಕಿತ್ಸೆಗೆ ಬೇಕು. ಹೀಗೆ ಪ್ರತಿಯೊಂದು ಅಪರಾಧಕ್ಕೂ ಪ್ರೇಕ್ಷಕನ ಕೈಗೊಂದು ಕ್ಷಮಾಪಣೆಯನ್ನು ಕೊಡಲಾಗುತ್ತದೆ. ವೈದ್ಯರಾಗಿ ಹೇಳುವುದಾದರೆ, ಬಡಿತದಿಂದ ಸತ್ಯ ಹೊರಬರುವುದು ಪರದೆಯ ಮೇಲೆ ಮಾತ್ರ. ನೋವಿನಲ್ಲಿರುವವನು ನೋವು ನಿಲ್ಲಿಸುವ ಮಾತನ್ನು ಹೇಳುತ್ತಾನೆ, ಅದು ನಿಜವಾಗಿರಬೇಕೆಂದೇನೂ ಇಲ್ಲ. ಹೊಟ್ಟೆ ಅದುಮಿ ಪರೀಕ್ಷಿಸುವಾಗ ನಾವೇ ದಿನನಿತ್ಯ ಇದನ್ನು ಕಾಣುತ್ತೇವೆ.

‘ದ ಶೀಲ್ಡ್’ ಕಳಪೆಯೆಂದು ನಾವು ಹೇಳುತ್ತಿಲ್ಲ. ನಾಲ್ಕನೆಯ ಸೀಸನ್ನಿನ ಗ್ಲೆನ್ ಕ್ಲೋಸ್, ಮೊದಲಿನಿಂದ ಕೊನೆಯವರೆಗೂ ಇರುವ ಸಿ.ಸಿ.ಎಚ್. ಪೌಂಡರ್ ಅವರ ಕ್ಲಾಡೆಟ್, ಇವರ ಅಭಿನಯವನ್ನು ಮರೆಯಲಾಗದು. ಕೊನೆಯ ಕಂತುಗಳಂತೂ ಅಸಾಮಾನ್ಯ. ಶಿಕ್ಷೆಯಿಂದ ಪೂರ್ಣ ವಿನಾಯಿತಿಯ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮ್ಯಾಕಿ ತನ್ನ ಅಪರಾಧಗಳನ್ನೆಲ್ಲ ಧ್ವನಿಮುದ್ರಣ ಯಂತ್ರದ ಮುಂದೆ ಒಪ್ಪಿಸುತ್ತಾನೆ. ಅವನಿಗೆ ಸಿಗುವುದು ಜೈಲಲ್ಲ, ಕಚೇರಿಯೊಂದರಲ್ಲಿ ದಿನವಿಡೀ ವರದಿ ಟೈಪ್ ಮಾಡುವ ಕುರ್ಚಿ. ಪೆರೆಜ್‌ನ ಒಪ್ಪಂದದ ನೆರಳು ಅಲ್ಲಿ ಸ್ಪಷ್ಟ. ಆದರೂ 88 ಕಂತುಗಳಲ್ಲಿ ಕ್ಯಾಮೆರಾ ಮ್ಯಾಕಿಯ ಭುಜದ ಹಿಂದೆಯೇ ಓಡುತ್ತದೆ. ಅವನ ಕೈಯಲ್ಲಿ ನಜ್ಜುಗುಜ್ಜಾದವರು ಒಂದೆರಡು ಕಂತುಗಳಲ್ಲಿ ಬಂದು ಹೋಗುತ್ತಾರೆ. ವಿಕ್ ಮ್ಯಾಕಿಯ ಹೆಸರು ಲಕ್ಷಾಂತರ ಜನರಿಗೆ ಗೊತ್ತು. ಒವಾಂಡೋ ಯಾರೆಂದು ನಮ್ಮ ಆಸ್ಪತ್ರೆಯ ಊಟದ ಮೇಜಿನಲ್ಲಿ ಕೇಳಿ ನೋಡಿದೆವು. ಆರು ಮಂದಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಈ ಬಗೆಯ ಧಾರಾವಾಹಿ ಅಮೆರಿಕದ ಸೊತ್ತೇನಲ್ಲ. ಆಸ್ಟ್ರೇಲಿಯಾದಲ್ಲಿ 1995ರಲ್ಲಿ ತಯಾರಾದ ‘ಬ್ಲೂ ಮರ್ಡರ್’ ಸಿಡ್ನಿಯ ಪತ್ತೇದಾರ ರೋಜರ್ ರೋಜರ್ಸನ್ ಮತ್ತು ಭೂಗತ ಪಾತಕಿ ನೆಡ್ಡಿ ಸ್ಮಿತ್ ಇವರ ಸಖ್ಯವನ್ನು ಹೆಸರು ಸಹಿತ ತೋರಿಸಿತು. ಸ್ಮಿತ್‌ನ ಮೊಕದ್ದಮೆಗಳು ಬಾಕಿಯಿದ್ದುದರಿಂದ, ಘಟನೆಗಳು ನಡೆದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿಯೇ ಅದು 2001ರವರೆಗೆ ಪ್ರಸಾರವಾಗಲಿಲ್ಲ. ಬ್ರಿಟನ್ನಿನಲ್ಲಿ ಅದಕ್ಕಿಂತ ಮುಂಚೆಯೇ, 1978ರಲ್ಲಿ, ಜಿ.ಎಫ್. ನ್ಯೂಮನ್ ಬರೆದ ‘ಲಾ ಅಂಡ್ ಆರ್ಡರ್’ ಬಿ.ಬಿ.ಸಿ.ಯಲ್ಲಿ ಬಂದು ಗದ್ದಲವೆಬ್ಬಿಸಿತ್ತು. ಅದೇ ಹೆಸರಿನ ಅಮೆರಿಕನ್ ಧಾರಾವಾಹಿಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಮೇರಿಲ್ಯಾಂಡಿಗೆ ಬರೋಣ. ‘ದ ಶೀಲ್ಡ್’ ಆರಂಭವಾದ ಮೂರು ತಿಂಗಳಿಗೆ, 2002ರ ಜೂನ್‌ನಲ್ಲಿ, ಎಚ್.ಬಿ.ಒ. ವಾಹಿನಿಯಲ್ಲಿ ಬಾಲ್ಟಿಮೋರಿನ ಕಥೆಯಾದ ‘ದ ವೈರ್’ ಬಂದಿತು. ಅದನ್ನು ರಚಿಸಿದ ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯ ವರದಿಗಾರರಾಗಿದ್ದವರು; ಜೊತೆಗಾರ ಎಡ್ ಬರ್ನ್ಸ್ ಪತ್ತೇದಾರರಾಗಿದ್ದು ಅನಂತರ ಶಾಲಾ ಶಿಕ್ಷಕರಾದವರು. ಅಲ್ಲಿನ ಪೊಲೀಸರ ದೊಡ್ಡ ಪಾಪ ಕಳ್ಳತನವಲ್ಲ, ಅಂಕಿಸಂಖ್ಯೆ. ಮೇಲಧಿಕಾರಿಗೆ ತೋರಿಸಲು ಬಂಧನಗಳ ಲೆಕ್ಕ ಏರಬೇಕು, ಕೊಲೆಗಳ ಲೆಕ್ಕ ಇಳಿಯಬೇಕು. ಆ ಲೆಕ್ಕದ ಹಸಿವು ಯಾವ ಬಗೆಯ ಪೊಲೀಸನನ್ನು ಮೇಲಕ್ಕೆತ್ತುತ್ತದೆ ಎಂಬುದಕ್ಕೆ ನಿಜಜೀವನದ ಉತ್ತರ ಹದಿನೈದು ವರ್ಷಗಳ ಬಳಿಕ ಬಂದಿತು.

ಅದರ ಮೊದಲ ಎಳೆ ಒಂದು ಸಾವು. 2011ರಲ್ಲಿ ಬಾಲ್ಟಿಮೋರಿನ ಈಶಾನ್ಯಕ್ಕಿರುವ ಹಾರ್ಫರ್ಡ್ ಕೌಂಟಿಯಲ್ಲಿ ಯುವತಿಯೊಬ್ಬಳು ಹೆರಾಯಿನ್ ಅತಿಯಾಗಿ ಸತ್ತಳು. ಆ ಕೌಂಟಿಯಲ್ಲಿ ನಮ್ಮ ಎಷ್ಟೋ ಕುಟುಂಬಗಳು ಮನೆ ಮಾಡಿಕೊಂಡಿವೆ. ಅಂಥ ಸಾವುಗಳು ಹೆಚ್ಚಿದಂತೆ ತನಿಖಾಧಿಕಾರಿಗಳು ಮಾಲು ಬರುವ ದಾರಿಯನ್ನು ಹಿಡಿದು ಬಾಲ್ಟಿಮೋರಿನ ಮಾರಾಟಗಾರನೊಬ್ಬನನ್ನು ತಲುಪಿದರು. 2015ರಲ್ಲಿ ಅವನ ಕಾರಿನಡಿ ತಮ್ಮದಲ್ಲದ ಇನ್ನೊಂದು ಜಿ.ಪಿ.ಎಸ್. ಯಂತ್ರ ಅಂಟಿಕೊಂಡಿರುವುದು ಅವರ ಕಣ್ಣಿಗೆ ಬಿದ್ದಿತು. ಅದನ್ನು ಕೊಂಡವನು ಬಾಲ್ಟಿಮೋರ್ ಪೊಲೀಸ್ ಇಲಾಖೆಯ ‘ಗನ್ ಟ್ರೇಸ್ ಟಾಸ್ಕ್ ಫೋರ್ಸ್’ ಎಂಬ ದಳದ ಸದಸ್ಯ. ಫೋನ್ ಸಂಭಾಷಣೆಗಳನ್ನು ಆಲಿಸಿದಾಗ ಆ ದಳದ ಮತ್ತೊಬ್ಬ ಸದಸ್ಯನು ಮಾದಕವಸ್ತು ಮಾರಾಟಗಾರರ ಗೆಳೆಯನೆಂದು ತಿಳಿಯಿತು. ಬೀದಿಯ ಬಂದೂಕುಗಳನ್ನು ವಶಪಡಿಸಿಕೊಳ್ಳುವುದರಲ್ಲಿ ಆ ದಳದ ಲೆಕ್ಕ ಅಮೋಘವಾಗಿತ್ತು. ಮೇಲಧಿಕಾರಿಗಳು ಅವರನ್ನು ಹೊಗಳುತ್ತಿದ್ದರು.

2017ರ ಮಾರ್ಚ್ 1ರಂದು ಒಂದು ನೆಪದಲ್ಲಿ ಕಚೇರಿಗೆ ಕರೆಸಿ ದಳದ ಏಳು ಮಂದಿಯನ್ನು ಬಂಧಿಸಲಾಯಿತು. ಶೋಧನೆಯ ಹೆಸರಿನಲ್ಲಿ ಮನೆಗಳಿಂದ ಹಣ ದೋಚಿದ್ದು, ವಶಪಡಿಸಿಕೊಂಡ ಮಾದಕವಸ್ತುವನ್ನು ಮಾರಿಸಿದ್ದು, ರಜೆಯಲ್ಲಿ ಊರು ಬಿಟ್ಟಿದ್ದ ದಿನಗಳಿಗೂ ಓವರ್‌ಟೈಮ್ ಬರೆಸಿಕೊಂಡದ್ದು, ಅಗತ್ಯ ಬಿದ್ದರೆ ನೆಡಲೆಂದು ಆಟಿಕೆಯ ಬಂದೂಕುಗಳನ್ನು ಕಾರಿನಲ್ಲಿಟ್ಟುಕೊಂಡಿದ್ದದ್ದು ಎಲ್ಲವೂ ನ್ಯಾಯಾಲಯದಲ್ಲಿ ಹೊರಬಿತ್ತು. ನಮಗೆ ಅತ್ಯಂತ ಕಹಿಯೆನಿಸಿದ ವಿವರ ಇದು: 2015ರ ಏಪ್ರಿಲಿನಲ್ಲಿ ಪೊಲೀಸರ ವಶದಲ್ಲಿ ಗಾಯಗೊಂಡ ಫ್ರೆಡ್ಡಿ ಗ್ರೇ ಸಾವಿನ ಬಳಿಕ ನಡೆದ ಗಲಭೆಯಲ್ಲಿ ಔಷಧಿ ಅಂಗಡಿಗಳು ಲೂಟಿಯಾದವು. ಲೂಟಿಯಾದ ಮಾತ್ರೆಗಳನ್ನು ಸಾರ್ಜೆಂಟ್ ವೇನ್ ಜೆಂಕಿನ್ಸ್ ಕಸದ ಚೀಲಗಳಲ್ಲಿ ತುಂಬಿ ತಂದು ಗೆಳೆಯನ ಕೈಯಲ್ಲಿ ಮಾರಿಸಿದನು. ಆ ವರ್ಷಗಳಲ್ಲಿ ನಮ್ಮ ವೈದ್ಯರು ಒಂದೊಂದು ನೋವಿನ ಮಾತ್ರೆಯನ್ನು ಬರೆಯುವಾಗಲೂ ಎರಡು ಬಾರಿ ಯೋಚಿಸುತ್ತಿದ್ದೆವು. ರಾತ್ರಿಯಿಡೀ ಉಸಿರು ನಿಂತವರಿಗೆ ನಲೋಕ್ಸೋನ್ ಚುಚ್ಚುತ್ತಿದ್ದೆವು. ಜೆಂಕಿನ್ಸ್‌ಗೆ 2018ರಲ್ಲಿ 25 ವರ್ಷಗಳ ಶಿಕ್ಷೆಯಾಯಿತು. ಬಂಧಿತರಲ್ಲಿ ಐವರು ತಪ್ಪೊಪ್ಪಿಕೊಂಡರು. ವಿಚಾರಣೆ ಎದುರಿಸಿದ ಇಬ್ಬರಿಗೆ ತಲಾ 18 ವರ್ಷಗಳಾದವು. ದಳದವರ ಸಾಕ್ಷ್ಯವನ್ನು ನೆಚ್ಚಿದ್ದ ನೂರಾರು ಪ್ರಕರಣಗಳು ಬಿದ್ದುಹೋದವು.

ಈ ಕಥೆಯನ್ನು ಸೈಮನ್ ಮತ್ತು ಜಾರ್ಜ್ ಪೆಲಿಕಾನೋಸ್ 2022ರಲ್ಲಿ ‘ವಿ ಓನ್ ದಿಸ್ ಸಿಟಿ’ ಎಂಬ ಆರು ಕಂತುಗಳ ಧಾರಾವಾಹಿಯಾಗಿಸಿದರು. ಆಧಾರ, ‘ಸನ್’ ಪತ್ರಿಕೆಯ ವರದಿಗಾರರಾಗಿದ್ದ ಜಸ್ಟಿನ್ ಫೆಂಟನ್ ಅವರ ಅದೇ ಹೆಸರಿನ ಪುಸ್ತಕ. ಜೆಂಕಿನ್ಸ್, ಗೊಂಡೋ, ಹರ್ಸಲ್ ಎಂಬ ಹೆಸರುಗಳು ಇಲ್ಲಿ ಬದಲಾಗಿಲ್ಲ. ಅಪರಾಧಿಗಳನ್ನು ರಕ್ಷಿಸುವ ಕಾಲ್ಪನಿಕ ಬಡಾವಣೆಯೂ ಇಲ್ಲ. ಕಥೆ ಹಿಂದು ಮುಂದಾಗಿ ಸಾಗುತ್ತದೆ. ಯಾವ ವರ್ಷದಲ್ಲಿದ್ದೇವೆಂಬುದನ್ನು ಪರದೆಯ ಮೇಲೆ ಮೂಡುವ ಪೊಲೀಸ್ ದಾಖಲೆಯ ಸಾಲುಗಳೇ ಹೇಳುತ್ತವೆ. ಮೊದಲ ಸಲ ನೋಡಿದಾಗ ಇದು ನಮಗೆ ತಲೆನೋವೇ ಆಯಿತು. ಎರಡನೆಯ ಸಲ ಅದರ ಹದ ತಿಳಿಯಿತು: ಆ ದಾಖಲೆಯಲ್ಲಿ ಬರೆದದ್ದಕ್ಕೂ ನಾವು ಕಣ್ಣಾರೆ ಕಾಣುವುದಕ್ಕೂ ತಾಳೆಯಾಗುವುದಿಲ್ಲ. ಪ್ರೇಕ್ಷಕನನ್ನು ಕಾರಿನೊಳಗೆ ಪೊಲೀಸನ ಪಕ್ಕದಲ್ಲಿ ಕೂರಿಸುವಷ್ಟೇ ಬಾರಿ ತನಿಖೆಯ ಮೇಜಿನ ಈಚೆಗೂ ಕೂರಿಸುತ್ತಾರೆ.

ಜಾನ್ ಬರ್ನ್‌ಥಾಲ್ ನಟಿಸಿದ ಜೆಂಕಿನ್ಸ್‌ನಲ್ಲಿ ಮ್ಯಾಕಿಯ ಹುರುಪೂ ಮಾತಿನ ಮೋಡಿಯೂ ಇವೆ, ಆದರೆ ಕ್ಷಮಾಪಣೆಯಿಲ್ಲ. 2010ರಲ್ಲಿ ಅವನೂ ಸಹೋದ್ಯೋಗಿಗಳೂ ಬೆನ್ನಟ್ಟಿದ ಕಾರೊಂದು ಇನ್ನೊಂದಕ್ಕೆ ಬಡಿದು ವೃದ್ಧರೊಬ್ಬರು ಸತ್ತರು. ಬೆನ್ನಟ್ಟಿದ್ದನ್ನು ಸಮರ್ಥಿಸಲು ಆ ಕಾರಿನಲ್ಲಿ ಹೆರಾಯಿನ್ ನೆಡಲಾಯಿತು. ಕಾರಿನಲ್ಲಿದ್ದ ಇಬ್ಬರು ವರ್ಷಗಟ್ಟಲೆ ಜೈಲಿನಲ್ಲಿ ಕಳೆದರು. ಅದು ನೆಟ್ಟ ಮಾಲು ಎಂದು ತನಗೆ ಗೊತ್ತಿತ್ತೆಂಬುದನ್ನು ಜೆಂಕಿನ್ಸ್ ನ್ಯಾಯಾಲಯದಲ್ಲಿ ಒಪ್ಪಿಕೊಂಡನು. ಧಾರಾವಾಹಿಯಲ್ಲಿ ಇದು ಬರುವಾಗ ಹಿನ್ನೆಲೆ ಸಂಗೀತ ನಮ್ಮನ್ನು ಯಾರ ಪಕ್ಷಕ್ಕೂ ಎಳೆಯುವುದಿಲ್ಲ.

ಈ ಧಾರಾವಾಹಿಯ ಪ್ರೇಕ್ಷಕವರ್ಗ ‘ದ ಶೀಲ್ಡ್’ನಷ್ಟು ದೊಡ್ಡದಾಗಲಿಲ್ಲವೆಂದೇ ನಮ್ಮ ಅನಿಸಿಕೆ. ನಮ್ಮ ಮನೆಯಲ್ಲಿ ಮಗ ಮೂರನೆಯ ಕಂತಿಗೆ ಎದ್ದುಹೋದನು. ಕಾರಣ ಕೇಳಿದಾಗ, “ಇದರಲ್ಲಿ ಯಾರನ್ನ ಸಪೋರ್ಟ್ ಮಾಡ್ಬೇಕು ಅಂತ ಗೊತ್ತಾಗಲ್ಲ ಅಮ್ಮಾ” ಎಂದನು. ಒವಾಂಡೋನ ಕಥೆಯನ್ನೂ, ರೆಸಿಡೆನ್ಸಿಯ ಆ ರಾತ್ರಿ ನಾವು ಬರೆದದ್ದನ್ನೂ ಅವನಿಗೆ ಹೇಳಿದೆವು. ಒಂದು ವಾರದ ನಂತರ ಅವನೇ ಬಂದು ಉಳಿದ ಮೂರು ಕಂತುಗಳನ್ನು ಹಾಕಿದನು.

ಮನೆಯವರೊಂದಿಗೆ ನೋಡಬಯಸುವ ಸದಸ್ಯರಿಗೆ ಒಂದು ಸೂಚನೆ: ‘ದ ಶೀಲ್ಡ್’, ‘ದ ವೈರ್’, ‘ವಿ ಓನ್ ದಿಸ್ ಸಿಟಿ’ ಮೂರೂ ದೊಡ್ಡವರಿಗಾಗಿ ಮಾಡಿದವು, ಬೈಗುಳ, ರಕ್ತ ಧಾರಾಳವಾಗಿವೆ. ಹೈಸ್ಕೂಲಿನ ಮಕ್ಕಳು ನೋಡುವುದಾದರೆ ಪಕ್ಕದಲ್ಲಿ ಕುಳಿತೇ ನೋಡುವುದು ಒಳ್ಳೆಯದು. ಬೇಸಿಗೆಗೆ ಊರಿನಿಂದ ಬರುವ ಅಜ್ಜ ಅಜ್ಜಿಯರೊಂದಿಗೆ ನೋಡಲು ‘ಆಡಮ್-12’ಕ್ಕಿಂತ ನಿರಪಾಯವಾದದ್ದಿಲ್ಲ. ನಮ್ಮ ಅತ್ತೆಯವರು ಅದರ ಮೂರು ಕಂತುಗಳನ್ನು ನೋಡಿ, “ಎಷ್ಟು ಒಳ್ಳೇ ಹುಡುಗ್ರು, ಪಾಪ” ಎಂದರು. ಹಿಂದೆ ಕಾಣುವ ಆ ಠಾಣೆಯ ಕಟ್ಟಡ ಯಾವುದೆಂದು ನಾವಿನ್ನೂ ಅವರಿಗೆ ಹೇಳಿಲ್ಲ.